ಅಂಗವಿಕಲ ಪಗಾರ: ಲೆಕ್ಕ ಯಾರದು, ಕೇಳುವವರು ಯಾರು?

(ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಹೋದವನು ನಾನು. ಅಂಚೆ ಇಲಾಖೆ ಸೇರಿ, ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ಬಹಳ ವರ್ಷ, ಆಮೇಲೆ ಬೆಳಗಾವಿ ನಗರದಲ್ಲಿ ಕೆಲವು ವರ್ಷ ಟಪಾಲು ಹಂಚಿ ನಿವೃತ್ತನಾಗಿದ್ದೇನೆ. ಸಮಿತಿಯವರು "ನಿಮ್ಮ ಸೇವೆಯ ಅನುಭವ ಹೇಳ್ರಿ" ಎಂದರು. ಎಲ್ಲವನ್ನೂ ಹೇಳಿದರೆ ಊಟದ ಹೊತ್ತು ಮೀರುತ್ತದೆ. ಅದಕ್ಕೇ ಒಂದೇ ವಿಷಯ ಆರಿಸಿಕೊಂಡಿದ್ದೇನೆ. ಸರಕಾರ ಅಂಗವಿಕಲರಿಗೆ ಕೊಡುವ ಮಾಸಾಶನದ ವಿಷಯ. ಅದಕ್ಕಿಂತ ಹೆಚ್ಚಾಗಿ, ಆ ಮಾಸಾಶನದ ಬಗ್ಗೆ ನಾವು ಆಡುವ ಮಾತಿನ ವಿಷಯ.

ನಮ್ಮ ಕಡೆ ಇದನ್ನು ಯಾರೂ ಮಾಸಾಶನ ಅನ್ನುವುದಿಲ್ಲ. ಮುದುಕರ ಪಗಾರ, ವಿಧವಾ ಪಗಾರ, ಅಂಗವಿಕಲ ಪಗಾರ ಅನ್ನುತ್ತೇವೆ. ಪಗಾರ ಎಂದ ಮೇಲೆ ಕೆಲಸ ನೆನಪಾಗುತ್ತದೆ. ಕೆಲಸವಿಲ್ಲದೆ ಪಗಾರ ಹೇಗೆ ಎಂಬ ಹೊಟ್ಟೆಕಿಚ್ಚು ಅದರ ಬೆನ್ನಿಗೇ ಬರುತ್ತದೆ. ಚಹಾದಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ಗುಡಿಯ ಕಟ್ಟೆಯ ಮೇಲೆ ನಾನು ಮತ್ತೆ ಮತ್ತೆ ಕೇಳಿದ ಮಾತುಗಳು ಮೂರು. "ಆತಗ ಏನಾಗೇತ್ರೀ? ಆರಾಮ ಅಡ್ಡಾಡ್ತಾನ" ಎಂಬುದು ಒಂದು. "ಪಗಾರ ಬಂತು, ಹೊಸಾ ಮೊಬೈಲ್ ತಗೊಂಡ ನೋಡು" ಎಂಬುದು ಎರಡು. "ಎಲ್ಲಾ ನಮ್ಮ ಟ್ಯಾಕ್ಸಿನ ರೊಕ್ಕ" ಎಂಬುದು ಮೂರು. ಈ ಮೂರನ್ನೂ ಬಿಡಿಸಿ ನೋಡೋಣ.

ಮೊದಲು ರೊಕ್ಕ ಎಷ್ಟು ಅಂತ ತಿಳಿಯೋಣ. ನಮ್ಮ ರಾಜ್ಯದಲ್ಲಿ ಶೇ 40ರಿಂದ 74ರವರೆಗೆ ಅಂಗವೈಕಲ್ಯ ಇರುವ ಬಡವರಿಗೆ ತಿಂಗಳಿಗೆ 800 ರೂಪಾಯಿ. 2021ರ ಜುಲೈವರೆಗೆ ಅದು 600 ಇತ್ತು. ಶೇ 75 ಮತ್ತು ಅದಕ್ಕಿಂತ ಹೆಚ್ಚು ಇದ್ದರೆ 1400 ರೂಪಾಯಿ. ಉದ್ಯೋಗ ಖಾತ್ರಿಯಲ್ಲಿ 2024-25ನೇ ಸಾಲಿಗೆ ಕರ್ನಾಟಕದ ದಿನಗೂಲಿ 349 ರೂಪಾಯಿ ಇತ್ತು. ಅಂದರೆ ಎರಡೂ ಕಣ್ಣು ಕಾಣದವನಿಗೆ ಇಡೀ ತಿಂಗಳಿಗೆ ಸಿಗುವುದು ನಾಲ್ಕು ದಿನದ ಕೂಲಿ. ಒಂದು ಕಾಲು ಪೋಲಿಯೋದಿಂದ ಸೊರಗಿದವನಿಗೆ ಎರಡೂವರೆ ದಿನದ್ದೂ ಇಲ್ಲ. 800ನ್ನು ಮೂವತ್ತರಿಂದ ಭಾಗಿಸಿದರೆ ದಿನಕ್ಕೆ 27 ರೂಪಾಯಿಯೂ ಆಗುವುದಿಲ್ಲ. ಇದು ಪಗಾರವಾದರೆ, ಇಂಥ ಪಗಾರಕ್ಕೆ ನಮ್ಮಲ್ಲಿ ಯಾರು ಅರ್ಜಿ ಹಾಕುತ್ತೇವೆ?

ಇನ್ನು ಇದು ಸುಮ್ಮನೆ ಮನೆ ಬಾಗಿಲಿಗೆ ಬರುವ ರೊಕ್ಕವಲ್ಲ. ಕಣಕುಂಬಿ, ಜಾಂಬೋಟಿ ಕಡೆಯ ಒಬ್ಬ ತಾಯಿಯನ್ನು ಮನಸ್ಸಿಗೆ ತಂದುಕೊಳ್ಳಿ. ಕತ್ತು ನಿಲ್ಲದ ಹತ್ತು ವರ್ಷದ ಮಗನನ್ನು ಸೊಂಟದ ಮೇಲೆ ಹೊತ್ತು, ಮಲಪ್ರಭೆ ಹುಟ್ಟುವ ಆ ಮಳೆನಾಡಿನಿಂದ ಬಸ್ಸು ಹಿಡಿದು ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೆ ಬರಬೇಕು. ವೈದ್ಯರು ನೋಡಿ ಶೇಕಡಾವಾರು ಬರೆಯಬೇಕು. ಆಮೇಲೆ ಯುಡಿಐಡಿ ಕಾರ್ಡು, ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡು, ಆಧಾರ್ ಜೋಡಿಸಿದ ಖಾತೆ, ನಾಡಕಚೇರಿಯಲ್ಲಿ ಅರ್ಜಿ, ಕೊನೆಗೆ ತಹಶೀಲ್ದಾರರ ಆದೇಶ. ಒಂದೇ ಓಡಾಟಕ್ಕೆ ಮುಗಿಯುವ ಕೆಲಸ ಇದಲ್ಲ. ಪ್ರತಿ ಓಡಾಟಕ್ಕೂ ಮನೆಯ ಒಬ್ಬರ ಕೂಲಿ ಹೋಗುತ್ತದೆ. ನಮ್ಮ ತಾಲೂಕಿನಲ್ಲಿ ಇನ್ನೊಂದು ತೊಡಕಿದೆ. ಆ ತಾಯಿಗೆ ಬರುವುದು ಮರಾಠಿ, ಅರ್ಜಿ ಇರುವುದು ಕನ್ನಡದಲ್ಲಿ. ಕುಷ್ಠರೋಗದಿಂದ ಬೆರಳು ಸವೆದವರು ಬೆರಳಚ್ಚಿನ ಯಂತ್ರದ ಮುಂದೆ ಕೈ ಚಾಚಿ ನಿಲ್ಲುವುದನ್ನೂ ನೋಡಿದ್ದೇನೆ. ಯಂತ್ರ ಒಪ್ಪುವುದಿಲ್ಲ, ಹಿಂದೆ ನಿಂತವರು "ಬೇಗ ಬೇಗ" ಅನ್ನುತ್ತಾರೆ.

ಈಗ ಮೊದಲನೆಯ ಮಾತು. "ಆತಗ ಏನಾಗೇತ್ರೀ?" 1995ರ ಕಾಯ್ದೆಯಲ್ಲಿ ಅಂಗವೈಕಲ್ಯ ಎಂದರೆ ಏಳು ಬಗೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಅವು ಇಪ್ಪತ್ತೊಂದು. ಅದರಲ್ಲಿ ಸಿಕಲ್ ಸೆಲ್, ಹಿಮೋಫಿಲಿಯಾದಂಥ ರಕ್ತದ ಕಾಯಿಲೆಗಳಿವೆ, ಪಾರ್ಕಿನ್ಸನ್ ಇದೆ, ಮಾನಸಿಕ ಕಾಯಿಲೆ ಇದೆ, ಕಲಿಕೆಯ ತೊಂದರೆ ಇದೆ. ಇವು ಯಾವುವೂ ಚಹಾದಂಗಡಿಯ ಬೆಂಚಿನಿಂದ ಕಾಣುವುದಿಲ್ಲ. ಹತ್ತು ಹೆಜ್ಜೆ ಚೆನ್ನಾಗಿ ನಡೆದವನು ಹನ್ನೊಂದನೆಯ ಹೆಜ್ಜೆಗೆ ಗೋಡೆ ಹಿಡಿಯುವುದು ನಮಗೆ ಕಾಣುವುದಿಲ್ಲ.

ಹಾಗಾದರೆ ಸುಳ್ಳು ಪ್ರಮಾಣಪತ್ರ ಮಾಡಿಸಿಕೊಂಡವರೇ ಇಲ್ಲವೆ? ಇದ್ದಾರೆ. ಅದನ್ನು ಮುಚ್ಚಿ ಮಾತಾಡುವುದು ಸರಿಯಲ್ಲ. ಇಲ್ಲದ ಅಂಗವೈಕಲ್ಯ ತೋರಿಸಿ ಸೌಲಭ್ಯ ಪಡೆದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು ಎಂದು ಅದೇ ಕಾಯ್ದೆಯ 91ನೇ ಕಲಂ ಹೇಳುತ್ತದೆ. ಅನುಮಾನ ಇದ್ದವರು ಲಿಖಿತ ದೂರು ಕೊಡಲಿ, ವೈದ್ಯರು ಮತ್ತೆ ಪರೀಕ್ಷೆ ಮಾಡಲಿ. ಆದರೆ ಮುಂದಿನ ಕಲಂ ಅನ್ನೂ ಓದಬೇಕು. ಅಂಗವಿಕಲರನ್ನು ಸಾರ್ವಜನಿಕವಾಗಿ ಬೇಕೆಂದೇ ಅವಮಾನ ಮಾಡಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಐದು ವರ್ಷದವರೆಗಿನ ಶಿಕ್ಷೆ ಎನ್ನುತ್ತದೆ 92ನೇ ಕಲಂ. ಕಾನೂನು ಮೋಸವನ್ನೂ ತಪ್ಪು ಅಂದಿದೆ, ಕಟ್ಟೆಯ ಮೇಲಿನ ಪಂಚಾಯ್ತಿಯನ್ನೂ ತಪ್ಪು ಅಂದಿದೆ. ನಾವು ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡಿದ್ದೇವೆ.

ಎರಡನೆಯದು ಖರ್ಚಿನ ಮಾತು. ಮನಿಯಾರ್ಡರ್ ಕಾಲದಲ್ಲಿ ಈ ರೊಕ್ಕವನ್ನು ನಾನೇ ಎಣಿಸಿ ಕೈಯಲ್ಲಿಟ್ಟು ಬರುತ್ತಿದ್ದೆ. ಅದು ಎಲ್ಲಿಗೆ ಹೋಗುತ್ತದೆ ಎಂಬುದು ಟಪಾಲಿನವನಿಗೆ ತಿಳಿಯದೆ ಇರುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಅದು ನನ್ನ ಕಣ್ಣೆದುರೇ ಕಿರಾಣಿ ಅಂಗಡಿಯ ಉದ್ರಿಗೆ ಹೋಗುತ್ತಿತ್ತು. ಒಬ್ಬ ಹೆಣ್ಣುಮಗಳು ಎರಡು ಕೋಳಿ ಕೊಂಡಳು, ವರ್ಷದ ಕೊನೆಗೆ ಅಂಗಳ ತುಂಬಾ ಕೋಳಿ. ಒಬ್ಬ ಹುಡುಗ ತಂಗಿಯ ನೋಟ್‌ಬುಕ್ಕಿಗೆ ಕೊಡುತ್ತಿದ್ದ. ಒಬ್ಬ ಮುದುಕ ತಿಂಗಳಿಗೊಮ್ಮೆ ಬೆಳಗಾವಿಗೆ ಹೋಗಿ ಕುಂದಾ ತಿಂದು ಬರುತ್ತಿದ್ದ. ಊರೆಲ್ಲ ಆಡಿಕೊಂಡದ್ದು ಈ ಮುದುಕನ ವಿಷಯ. ಇಪ್ಪತ್ತೊಂಬತ್ತು ದಿನ ಮಗನ ಮನೆಯಲ್ಲಿ ಹಾಕಿದ್ದು ಉಂಡು, ಒಂದು ದಿನ ತನಗೆ ಬೇಕಾದ್ದನ್ನು ತಾನೇ ಕೇಳಿ ತಿಂದರೆ ಅದು ದುಂದುವೆಚ್ಚವೆ?

ಮೊಬೈಲಿನ ಮಾತಿಗೆ ಬರುತ್ತೇನೆ. ಕಣ್ಣು ಕಾಣದ ಹುಡುಗನಿಗೆ ಮೊಬೈಲು ಓದಿ ಹೇಳುತ್ತದೆ. ಯಾರ ಫೋನು, ಯಾವ ಸಂದೇಶ, ಖಾತೆಗೆ ರೊಕ್ಕ ಬಂತೋ ಇಲ್ಲವೋ, ಎಲ್ಲವನ್ನೂ. ಕಿವಿ ಕೇಳದ ಹುಡುಗಿ ವಿಡಿಯೋ ಕರೆಯಲ್ಲಿ ಕೈಸನ್ನೆಯಿಂದ ಗೆಳತಿಯ ಜೊತೆ ಮಾತಾಡುತ್ತಾಳೆ. ನಮಗೆ ಅದು ಹೊತ್ತು ಕಳೆಯುವ ಸಾಧನ, ಅವರಿಗೆ ಅದೇ ಕಣ್ಣು, ಅದೇ ಕಿವಿ. ನನ್ನ ಕನ್ನಡಕದ ಬೆಲೆ ಇಂದಿನವರೆಗೆ ಯಾರೂ ಕೇಳಿಲ್ಲ.

ಕುಡಿಯುವವರ ಬಗ್ಗೆಯೂ ಹೇಳಬೇಕು. ಕಾಲಿಲ್ಲದ ಒಬ್ಬಾತ ರೊಕ್ಕ ಬಂದ ದಿನವೇ ಸೆರೆ ಅಂಗಡಿಗೆ ಹೋಗುತ್ತಿದ್ದ. ಅವನ ತಾಯಿ ನನ್ನ ಸೈಕಲ್ಲು ತಡೆದು, "ತಮ್ಮಾ, ನನ್ನ ಕೈಯಾಗ ಕೊಡೋ. ಅವನ ಕೈಯಾಗ ಕೊಟ್ರ ಮನೀಗೆ ಒಂದ್ ಪೈ ಮುಟ್ಟೂದಿಲ್ಲ" ಎಂದಳು. ಯಾರ ಹೆಸರಿಗೆ ಬಂದಿದೆಯೋ ಅವರ ಕೈಗೇ ಕೊಡಬೇಕೆಂಬುದು ನಿಯಮ. ಅವನ ಕೈಗೇ ಕೊಟ್ಟೆ. ತಾಯಿಯ ಮುಖ ನೋಡುವುದು ಕಷ್ಟವಾಯಿತು. ಇವತ್ತಿಗೂ ಆ ತಾಯಿಯ ಸಂಕಟ ಸುಳ್ಳೆಂದು ನಾನು ಹೇಳಲಾರೆ. ಆದರೆ ಇಷ್ಟು ಮಾತ್ರ ಹೇಳಬಲ್ಲೆ. ಪಗಾರ ಎಣಿಸಿ ನೇರ ಸೆರೆ ಅಂಗಡಿಗೆ ಹೋಗುವ ಎರಡು ಕಾಲಿನವರನ್ನೂ ಇದೇ ಊರಲ್ಲಿ ಕಂಡಿದ್ದೇವೆ. ಅವರ ಪಗಾರ ನಿಲ್ಲಿಸಿರಿ ಎಂದು ಯಾರೂ ಅನ್ನಲಿಲ್ಲ. ಕುಡಿತ ಬಿಡಿಸಬೇಕಾದ ರೋಗ. ಅದಕ್ಕೆ ಔಷಧ, ಬುದ್ಧಿಮಾತು, ಮನೆಯವರ ಬೆಂಬಲ ಬೇಕು. ಒಬ್ಬ ಕುಡಿದನೆಂದು ಎಲ್ಲ ಅಂಗವಿಕಲರ ಕೈಯಿಂದ ರೊಕ್ಕ ಕಸಿದರೆ ಅದು ಔಷಧವಾಗುವುದಿಲ್ಲ.

ನಾವು ಕಾಣದೆ ಬಿಡುವ ಖರ್ಚು ಬೇರೆಯೇ ಇದೆ. ಎಷ್ಟೋ ಮನೆಗಳಲ್ಲಿ ಪಾಸ್‌ಬುಕ್ಕು ಅಣ್ಣನ ಟ್ರಂಕಿನಲ್ಲಿ, ಎಟಿಎಂ ಕಾರ್ಡು ಅಣ್ಣನ ಮಗನ ಕಿಸೆಯಲ್ಲಿ ಇರುತ್ತದೆ. ಬುದ್ಧಿಮಾಂದ್ಯ ತಂಗಿಯ ಹೆಸರಲ್ಲಿ ಬಂದ ರೊಕ್ಕದಲ್ಲಿ ಮನೆಯ ಕರೆಂಟಿನ ಬಿಲ್ಲು ತುಂಬುತ್ತಾರೆ, ಅವಳ ಮೈಮೇಲೆ ಮಾತ್ರ ಅತ್ತಿಗೆಯ ಹಳೇ ಸೀರೆ. ಅದನ್ನು ಯಾರೂ ದುರುಪಯೋಗ ಅನ್ನುವುದಿಲ್ಲ. "ಸಾಕತಾರಲ್ಲ, ಮತ್ತೇನ್ ಬೇಕು" ಅನ್ನುತ್ತೇವೆ. ಅಂಗವಿಕಲ ತಾನೇ ಖರ್ಚು ಮಾಡಿದಾಗ ಮಾತ್ರ ನಮ್ಮ ಕಣ್ಣು ತೆರೆಯುತ್ತದೆ.

2024ರಲ್ಲಿ ನಮ್ಮ ಜಿಲ್ಲೆಯ ಒಬ್ಬ ಅಜ್ಜಿ ಗೃಹಲಕ್ಷ್ಮಿಯ ರೊಕ್ಕ ಕೂಡಿಟ್ಟು ಊರಿಗೆ ಹೋಳಿಗೆ ಊಟ ಹಾಕಿದ ಸುದ್ದಿ ಓದಿದಿರಿ. ಎಲ್ಲರೂ ಹೊಗಳಿದೆವು. ಅದು ಸರಿಯೇ. ಅದೇ ಊಟವನ್ನು ಒಬ್ಬ ಅಂಗವಿಕಲ ತನ್ನ ಮಾಸಾಶನ ಕೂಡಿಟ್ಟು ಹಾಕಿದ್ದರೆ ಏನನ್ನುತ್ತಿದ್ದೆವು? "ಊಟಾ ಹಾಕುವಷ್ಟು ಐತೆಂದ್ರ ಇವಗ ಪಗಾರ ಯಾಕ ಬೇಕು?" ನಾನು ಕೇಳಿದ ಮಾತುಗಳ ಮೇಲೆ ಹೇಳುವುದಾದರೆ, ಹಾಗೇ ಅನ್ನುತ್ತಿದ್ದೆವು. ಅವನು ಪಡೆಯುವವನಾಗಿ ಇರುವವರೆಗೆ ನಮಗೆ ಪ್ರೀತಿ, ಕೊಡುವವನಾದ ಕೂಡಲೆ ಅನುಮಾನ.

ಮೂರನೆಯದು ಟ್ಯಾಕ್ಸಿನ ಮಾತು. ಆ 800 ರೂಪಾಯಿಯಲ್ಲಿ ಕೊಂಡ ಸೋಪಿನ ಮೇಲೆ, ಬಿಸ್ಕೀಟಿನ ಮೇಲೆ ಅವನೂ ತೆರಿಗೆ ಕಟ್ಟುತ್ತಾನೆ. ಅಷ್ಟೇ ಅಲ್ಲ, ಅಂಗವೈಕಲ್ಯವೇ ಒಂದು ತೆರಿಗೆ. ನಾನು ನಡೆದು ಹೋಗುವಲ್ಲಿಗೆ ಅವನು ಆಟೋ ಮಾಡಬೇಕು. ನಾನೊಬ್ಬನೇ ಹೋಗುವಲ್ಲಿಗೆ ಅವನ ಜೊತೆ ಇನ್ನೊಬ್ಬರು ಹೋಗಬೇಕು. ಇದನ್ನು ತಿಳಿದೇ 2016ರ ಕಾಯ್ದೆಯ 24ನೇ ಕಲಂ, ಇತರರಿಗಿರುವ ಅಂಥದೇ ಯೋಜನೆಗಿಂತ ಅಂಗವಿಕಲರಿಗೆ ಕನಿಷ್ಠ ಶೇ 25ರಷ್ಟು ಹೆಚ್ಚು ಕೊಡಬೇಕು ಎಂದಿದೆ. ನಮ್ಮ ರಾಜ್ಯದಲ್ಲಿ ವಿಧವಾ ವೇತನ 800, ಸಂಧ್ಯಾ ಸುರಕ್ಷಾ 1200, ಶೇ 74ರವರೆಗಿನ ಅಂಗವಿಕಲರಿಗೆ 800. ಈ ಅಂಕಿಗಳನ್ನೂ ಕಾಯ್ದೆಯ ಮಾತನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬಾಕಿ ಯಾರು ಯಾರಿಗೆ ಕೊಡಬೇಕಾಗಿದೆ ಎಂಬುದು ಗಣಿತ ಕಲಿತ ಮಕ್ಕಳಿಗೂ ತಿಳಿಯುತ್ತದೆ.

ಕೆಲವರು ಗದುಗಿನ ವೀರೇಶ್ವರ ಪುಣ್ಯಾಶ್ರಮದ ಉದಾಹರಣೆ ಕೊಡುತ್ತಾರೆ. ಅಂಧರಾದ ಪಂಚಾಕ್ಷರಿ ಗವಾಯಿಗಳು ಅಂಧ ಹುಡುಗರನ್ನು ಕರೆತಂದು ಅನ್ನ, ಸಂಗೀತ ಎರಡನ್ನೂ ಕೊಟ್ಟರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 2010ರಲ್ಲಿ ಪದ್ಮಭೂಷಣರಾದರು. "ನೋಡ್ರಿ, ಹಂಗ ಸಾಧನೆ ಮಾಡ್ಬೇಕು" ಅನ್ನುತ್ತಾರೆ. ಹೌದು, ಅದು ನಮ್ಮ ನಾಡಿನ ಹೆಮ್ಮೆ. ಆದರೆ ಆ ಆಶ್ರಮದಲ್ಲಿ ಉಂಡವರೆಲ್ಲ ಪುಟ್ಟರಾಜ ಗವಾಯಿಗಳಾಗಲಿಲ್ಲ. ಆಗಲಿಲ್ಲವೆಂದು ಯಾರ ತಟ್ಟೆಯನ್ನೂ ಎತ್ತಲಿಲ್ಲ. ದಾಸೋಹ ಎಂದರೆ ಅದು. ಸಾಧಿಸಿದವನಿಗೆ ಮಾತ್ರ ಅನ್ನ ಎಂದರೆ ಅದು ಬಹುಮಾನವಾಗುತ್ತದೆ, ದಾಸೋಹವಾಗುವುದಿಲ್ಲ.

ಹಾಗಾದರೆ ಯಾರ ಲೆಕ್ಕವನ್ನೂ ಕೇಳಬಾರದೆ? ಕೇಳಬೇಕು. ಗಟ್ಟಿಯಾಗಿ ಕೇಳಬೇಕು. ಪ್ರತಿ ಗ್ರಾಮ ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದ ಶೇ 5ರಷ್ಟನ್ನು ಅಂಗವಿಕಲರಿಗಾಗಿ ಖರ್ಚು ಮಾಡಬೇಕು. ಅದಕ್ಕೆಂದೇ ವಿಕಲಚೇತನರ ಸಮನ್ವಯ ಗ್ರಾಮಸಭೆ ನಡೆಸಬೇಕು. ನಮ್ಮಲ್ಲಿ ಎಷ್ಟು ಜನ ಅಂಥ ಸಭೆಗೆ ಹೋಗಿದ್ದೇವೆ? ಕುಂದಾ ತಿಂದ ಮುದುಕನ ಲೆಕ್ಕ ನಮಗೆ ಬಾಯಿಪಾಠ ಇದೆ, ಈ ಶೇ 5ರ ಲೆಕ್ಕ ಯಾರಿಗೆ ಗೊತ್ತಿದೆ? ಒಬ್ಬ ವ್ಯಕ್ತಿಯ ಕಿಸೆ ಅವನದು. ಪಂಚಾಯಿತಿಯ ಕಿಸೆ ನಮ್ಮೆಲ್ಲರದು. ಲೆಕ್ಕ ಕೇಳುವ ಹಕ್ಕಿರುವುದು ಅಲ್ಲಿ.

ನಮ್ಮ ಶಾಲೆಯ ಮಾತನ್ನೂ ಆಡಿಬಿಡುತ್ತೇನೆ. ಸುವರ್ಣ ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಕಮಾನು ಕಟ್ಟಿಸುತ್ತಿದ್ದೇವೆ. ಸಂತೋಷ, ನಾನೂ ನನ್ನ ಪಾಲು ಕೊಟ್ಟಿದ್ದೇನೆ. ಆದರೆ ಕಮಾನಿನ ಕೆಳಗೆ ಗಾಲಿಕುರ್ಚಿ ದಾಟಿ ಬಂದ ಮಗು ಆಫೀಸಿನ ಮುಂದಿನ ಮೆಟ್ಟಿಲ ಬಳಿ ನಿಂತುಬಿಡುತ್ತದೆ. ಕಮಾನನ್ನು ಎರಡು ಅಡಿ ಗಿಡ್ಡ ಮಾಡಿದರೂ ಚಿಂತೆಯಿಲ್ಲ, ಒಂದು ಇಳಿಜಾರು ದಾರಿ ಮತ್ತು ಹಿಡಿಕೆ ಇರುವ ಒಂದು ಶೌಚಾಲಯ ಆಗಲಿ ಎಂದು ಸಮಿತಿಯವರಲ್ಲಿ ಕೈಮುಗಿದು ಕೇಳುತ್ತೇನೆ. ಎರಡನೆಯ ಕೋರಿಕೆ ನನ್ನಂಥ ನಿವೃತ್ತರಿಗೆ. ತಿಂಗಳಿಗೆ ಒಂದು ಭಾನುವಾರ ಶಾಲೆಯ ಕಟ್ಟೆಯ ಮೇಲೆ ಕುಳಿತು, ಕನ್ನಡ ಮರಾಠಿ ಎರಡೂ ಬಲ್ಲವರು, ಬರೆಯಲಾರದವರ ಅರ್ಜಿ ತುಂಬಿಕೊಡೋಣ. ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೂ ಇದರಿಂದ ಆಸರೆಯಾಗುತ್ತದೆ. ಪೆನ್ನು ನಾನು ತರುತ್ತೇನೆ. ಮೊದಲ ಭಾನುವಾರ ಯಾರು ಯಾರು ಬರುತ್ತೀರಿ, ಊಟಕ್ಕೆ ಏಳುವ ಮುಂಚೆ ಹೆಸರು ಹೇಳಿ ಹೋಗಿರಿ.