ಮಾತಿನ ಅರ್ಥ, ಮಾತಿನ ಕೆಲಸ

(ಶತಮಾನೋತ್ಸವದ ಅಂಗವಾಗಿ ನಡೆದ ರಕ್ಷಕರ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ಶಾಲೆಯ ನೂರು ವರ್ಷಗಳ ನಡೆಯನ್ನು ಹಿರಿಯರು ಈಗಾಗಲೇ ಸ್ಮರಿಸಿದ್ದಾರೆ. ನಾವು ಇಂದು ಮಕ್ಕಳ ಮುಂದಿನ ದಾರಿಗೆ ಸಂಬಂಧಿಸಿದ ಒಂದು ವಿಷಯವನ್ನು ತಮ್ಮ ಮುಂದಿಡಬಯಸುತ್ತೇವೆ. ತರ್ಕಸಾಮರ್ಥ್ಯದ ಪರೀಕ್ಷೆಗಳಲ್ಲಿ ಒಂದು ಗದ್ಯಭಾಗವನ್ನು ಕೊಟ್ಟು, ಅದರಲ್ಲಿನ ಒಂದು ಮಾತನ್ನು ಎತ್ತಿ ತೋರಿಸಿ, ‘ಈ ವಾದದಲ್ಲಿ ಇದರ ಪಾತ್ರವೇನು?’ ಎಂದು ಕೇಳುವ ಪ್ರಶ್ನೆಯೇ ಆ ವಿಷಯ.

ನಮ್ಮ ಮಕ್ಕಳು ತರ್ಕಪ್ರಶ್ನೆಗಳನ್ನು ಮೊದಲು ಕಾಣುವುದು ಎಂಟನೆಯ ತರಗತಿಯ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ. ಅದರ ಮಾನಸಿಕ ಸಾಮರ್ಥ್ಯದ ಭಾಗದಲ್ಲಿಯೇ 90 ಪ್ರಶ್ನೆಗಳಿವೆ. ತೇರ್ಗಡೆಯಾಗಿ ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಮುಂದೆ ಕಾನೂನು ಪದವಿಗೆ ಸೇರಬಯಸುವವರು ಬರೆಯುವ ಕ್ಲಾಟ್ ಪರೀಕ್ಷೆಯಲ್ಲಿ ಆಧಾರ ಯಾವುದು, ತೀರ್ಮಾನ ಯಾವುದು ಎಂದು ಗುರುತಿಸುವ ಶಕ್ತಿಯನ್ನೇ ನೇರವಾಗಿ ಅಳೆಯುತ್ತಾರೆ.

ಒಂದು ಉದಾಹರಣೆಯನ್ನು ನೋಡೋಣ.

‘ಬೇಸಿಗೆಯಲ್ಲಿ ಊರಿನ ಬಾವಿಗಳು ಬತ್ತುತ್ತಿವೆ. ಆದುದರಿಂದ ಇನ್ನಷ್ಟು ಕೊಳವೆಬಾವಿಗಳನ್ನು ಕೊರೆಯಬೇಕೆಂದು ಕೆಲವರು ಹೇಳುತ್ತಾರೆ. ಆದರೆ ಕೊಳವೆಬಾವಿಗಳು ಹೆಚ್ಚಿದಷ್ಟೂ ಅಂತರ್ಜಲ ಇನ್ನೂ ಕೆಳಗಿಳಿಯುತ್ತದೆ. ನಾವು ಮೊದಲು ಮಾಡಬೇಕಾದುದು ಮಳೆನೀರನ್ನು ಇಂಗಿಸುವ ಕೆಲಸ. ಗುಡ್ಡದಲ್ಲಿ ಇಂಗುಗುಂಡಿಗಳನ್ನು ತೋಡಿದರೆ ಕೆಳಗಿನ ಸುರಂಗಗಳಲ್ಲಿಯೂ ನೀರು ಉಳಿಯುತ್ತದೆ.’

ಇಲ್ಲಿರುವುದು ಐದು ವಾಕ್ಯಗಳು. ಕಾಸರಗೋಡಿನ ಯಾವ ಮಗುವಿಗೂ ಇವುಗಳ ಅರ್ಥ ತಿಳಿಯದೆ ಹೋಗದು. ಆದರೆ ‘ಕೊಳವೆಬಾವಿಗಳನ್ನು ಕೊರೆಯಬೇಕು’ ಎಂಬ ಮಾತಿನ ಪಾತ್ರವೇನೆಂದು ಕೇಳಿದರೆ ‘ತೀರ್ಮಾನ’ ಎಂದು ಉತ್ತರಿಸುವ ಮಕ್ಕಳು ಹಲವರು. ‘ಆದುದರಿಂದ’ ಎಂಬ ಪದವನ್ನು ಕಂಡೊಡನೆ ಅವರು ಅಲ್ಲಿಯೇ ನಿಲ್ಲುತ್ತಾರೆ. ಇನ್ನು ಕೆಲವರು ಕೊನೆಯ ವಾಕ್ಯವನ್ನು ತೀರ್ಮಾನವೆಂದು ಭಾವಿಸುತ್ತಾರೆ. ಮತ್ತೆ ಕೆಲವರು ತಮಗೆ ಸರಿಯೆನಿಸಿದ ಮಾತನ್ನು ಲೇಖಕನ ತೀರ್ಮಾನವೆಂದು ಗುರುತಿಸುತ್ತಾರೆ. ಈ ಮೂರೂ ದಾರಿಗಳು ತಪ್ಪಿಗೆ ಒಯ್ಯುತ್ತವೆ.

ಮೊದಲ ವಾಕ್ಯ ಇಬ್ಬರೂ ಒಪ್ಪುವ ಹಿನ್ನೆಲೆ. ಎರಡನೆಯದು ಲೇಖಕನು ಅಲ್ಲಗಳೆಯಲೆಂದೇ ಎತ್ತಿಕೊಂಡ ಬೇರೆಯವರ ಅಭಿಪ್ರಾಯ. ಮೂರನೆಯದು ಅದನ್ನು ನಿರಾಕರಿಸಲು ಕೊಟ್ಟ ಕಾರಣ. ನಾಲ್ಕನೆಯದು ಲೇಖಕನ ತೀರ್ಮಾನ. ಐದನೆಯದು ತೀರ್ಮಾನದ ಬಳಿಕ ಬಂದರೂ ಅದಕ್ಕೆ ಆಸರೆ ಕೊಡುವ ಮತ್ತೊಂದು ಆಧಾರ. ನಾಲ್ಕನೆಯ ಮತ್ತು ಐದನೆಯ ವಾಕ್ಯಗಳ ನಡುವೆ ‘ಏಕೆಂದರೆ’ ಎಂದು ಸೇರಿಸಿ ಓದಿದರೆ ಮಾತು ಕೂಡಿಕೊಳ್ಳುತ್ತದೆ. ವಾಕ್ಯಗಳನ್ನು ಅದಲುಬದಲು ಮಾಡಿ ಓದಿದರೆ ಕೂಡುವುದಿಲ್ಲ. ಯಾವುದು ಯಾವುದಕ್ಕೆ ಆಸರೆ ಎಂಬುದನ್ನು ಕಂಡುಕೊಳ್ಳಲು ಮಕ್ಕಳಿಗೆ ಈ ಒಂದು ಪರೀಕ್ಷೆ ಬಹುಮಟ್ಟಿಗೆ ಸಾಕಾಗುತ್ತದೆ.

ಮಾತಿನ ಅರ್ಥ ಬೇರೆ, ಅದು ಮಾಡುವ ಕೆಲಸ ಬೇರೆ. ಇದು ನಮ್ಮ ನಾಡಿಗೆ ಹೊಸ ವಿಚಾರವಲ್ಲ. ನ್ಯಾಯಶಾಸ್ತ್ರವು ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂದು ಅನುಮಾನವಾಕ್ಯಕ್ಕೆ ಐದು ಅವಯವಗಳನ್ನು ಹೇಳಿತು. ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆಯಿರುವುದರಿಂದ, ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿರುವಂತೆ, ಈ ಬೆಟ್ಟದಲ್ಲಿಯೂ ಅಂಥ ಹೊಗೆಯಿದೆ, ಆದುದರಿಂದ ಬೆಟ್ಟದಲ್ಲಿ ಬೆಂಕಿಯಿದೆ. ಮೊದಲ ಮಾತಿಗೂ ಕೊನೆಯ ಮಾತಿಗೂ ಅರ್ಥದಲ್ಲಿ ಭೇದವಿಲ್ಲ. ಆದರೆ ಮೊದಲನೆಯದು ಇನ್ನು ಸಾಧಿಸಬೇಕಾದ ಮಾತು, ಕೊನೆಯದು ಸಾಧಿಸಿ ಮುಗಿದ ಮಾತು. ಅದಕ್ಕಾಗಿಯೇ ಎರಡಕ್ಕೂ ಎರಡು ಹೆಸರು.

ಶಾಸ್ತ್ರದ ಮಾತು ದೂರವೆನಿಸಿದರೆ ತಾಳಮದ್ದಳೆಯನ್ನು ನೆನೆಯಬಹುದು. ಕುಣಿತವಿಲ್ಲ, ವೇಷವಿಲ್ಲ, ಭಾಗವತರ ಪದ್ಯದ ಬೆನ್ನಿಗೆ ಅರ್ಥಧಾರಿಗಳ ಮಾತೇ ಸರ್ವಸ್ವ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಹೆಸರು ಇಲ್ಲಿ ಮನೆಮಾತು. ಮರೆಯಲ್ಲಿ ನಿಂತು ಬಾಣ ಬಿಟ್ಟುದೇಕೆಂದು ವಾಲಿ ಕೇಳುವ ಪ್ರಸಂಗದಲ್ಲಿ, ರಾಮನ ಅರ್ಥ ಹೇಳುವವರು ‘ನಿನ್ನ ಆಕ್ಷೇಪ ಇದಲ್ಲವೇ’ ಎಂದು ಎದುರಾಳಿಯ ಮಾತನ್ನು ತಾವೇ ಎತ್ತಿಕೊಂಡು ಅನಂತರ ಉತ್ತರಿಸುವುದುಂಟು. ಆ ಗಳಿಗೆಯಲ್ಲಿ ವಾಲಿಯ ಮಾತು ರಾಮನ ಬಾಯಿಂದ ಬಂದರೂ ಅದು ರಾಮನ ನಿಲುವಲ್ಲ, ಪೂರ್ವಪಕ್ಷ. ಜಗಲಿಯಲ್ಲಿ ಕುಳಿತು ಕೇಳುವ ಅಜ್ಜನಿಗೆ ಇದರಲ್ಲಿ ಗೊಂದಲವೇ ಇರುವುದಿಲ್ಲ. ಪ್ರಶ್ನೆಪತ್ರಿಕೆಯನ್ನು ಓದುವ ಮೊಮ್ಮಗನಿಗೆ ಬೇಕಾದುದೂ ಅದೇ ಕಿವಿ.

ಈ ಕಿವಿಯನ್ನು ಬೆಳೆಸುವುದಕ್ಕೆ ಕನ್ನಡವೇ ಒಳ್ಳೆಯ ಸಾಧನವಾಗಿದೆ. ನಮ್ಮ ಭಾಷೆಯಲ್ಲಿ ಮಾತಿನ ಪಾತ್ರವನ್ನು ತಿಳಿಸುವ ಗುರುತು ಹೆಚ್ಚಾಗಿ ಮಾತಿನ ಕೊನೆಗೆ ಬರುತ್ತದೆ. ‘ಹೊಗೆಯಿರುವುದರಿಂದ’ ಎಂಬಲ್ಲಿ ಕೊನೆಯ ‘ಇಂದ’ ಕಾರಣದ ಗುರುತು. ‘ಖರ್ಚು ಹೆಚ್ಚೆಂಬುದು ನಿಜವಾದರೂ’ ಎಂಬಲ್ಲಿ ‘ಆದರೂ’ ಕೇಳಿದ ಮೇಲೆಯೇ ಅದು ಬರಿಯ ಒಪ್ಪುಮಾತು, ಮುಖ್ಯ ಮಾತು ಮುಂದಿದೆ ಎಂದು ತಿಳಿಯುತ್ತದೆ. ‘ಕೊರೆಯಬೇಕೆಂದು ಕೆಲವರು ಹೇಳುತ್ತಾರೆ’ ಎಂಬಲ್ಲಿ ‘ಎಂದು ಕೆಲವರು’ ಬಂದಾಗಲಷ್ಟೇ ಅದು ಬೇರೆಯವರ ಮಾತೆಂದು ಗೊತ್ತಾಗುತ್ತದೆ. ಆದುದರಿಂದ ನಮ್ಮ ತರಗತಿಯ ಮೊದಲ ನಿಯಮ, ವಾಕ್ಯ ಮುಗಿಯುವವರೆಗೆ ತೀರ್ಪು ಕೊಡಬಾರದು.

ಇನ್ನು ನಮ್ಮೆಲ್ಲರನ್ನೂ ಕಾಡುತ್ತಿರುವ ವಿಷಯಕ್ಕೆ ಬರುತ್ತೇವೆ. ಒಂದನೆಯ ತರಗತಿಗೆ ಮಗುವನ್ನು ಸೇರಿಸುವ ಕಾಲದಲ್ಲಿ ಹೆತ್ತವರು ಹೇಳುವ ಮಾತು ಇದು: ‘ದೊಡ್ಡ ಪರೀಕ್ಷೆಗಳು ಇಂಗ್ಲಿಷಿನಲ್ಲಿವೆ. ಆದುದರಿಂದ ಮಗು ಮೊದಲಿನಿಂದಲೇ ಇಂಗ್ಲಿಷ್ ಮಾಧ್ಯಮದಲ್ಲಿ ಓದಬೇಕು.’ ಇದು ಮಕ್ಕಳ ಮೇಲಿನ ಪ್ರೀತಿಯಿಂದ ಹುಟ್ಟಿದ ವಾದ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಮಕ್ಕಳಿಗೆ ಕಲಿಸುವ ಕ್ರಮದಲ್ಲಿಯೇ ಅದನ್ನೂ ಬಿಡಿಸಿ ನೋಡೋಣ.

ಮೊದಲ ವಾಕ್ಯ ಆಧಾರ. ಅದರಲ್ಲಿ ಸತ್ಯಾಂಶವಿದೆ, ಕ್ಲಾಟ್ ನಡೆಯುವುದು ಇಂಗ್ಲಿಷಿನಲ್ಲಿಯೇ. ಎರಡನೆಯದು ತೀರ್ಮಾನ. ಇವೆರಡರ ನಡುವೆ ಬಾಯಿಬಿಟ್ಟು ಹೇಳದ ಮೂರನೆಯ ಮಾತೊಂದು ಅಡಗಿದೆ: ಪರೀಕ್ಷೆ ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲಿಯೇ ಮಗು ಯೋಚಿಸಲು ಕಲಿಯಬೇಕು ಎಂಬುದು. ಇಡೀ ವಾದದ ಭಾರ ಇದರ ಮೇಲೆಯೇ ನಿಂತಿದೆ. ನಮ್ಮ ಭಿನ್ನಾಭಿಪ್ರಾಯವೂ ಇದರೊಡನೆ ಮಾತ್ರ.

ಗದ್ಯಭಾಗ ಅರ್ಧ ಮಾತ್ರ ತಿಳಿಯುವ ಮಗು ಗುರುತಿನ ಪದಗಳನ್ನು ಬಾಯಿಪಾಠ ಮಾಡಿ, ‘ಆದುದರಿಂದ’ ಕಂಡಲ್ಲಿ ನಿಂತ ಮಕ್ಕಳಂತೆಯೇ ‘ದೇರ್‌ಫೋರ್’ ಕಂಡಲ್ಲಿ ನಿಲ್ಲುತ್ತದೆ. ಪೂರ್ತಿ ತಿಳಿಯುವ ಭಾಷೆಯಲ್ಲಿ ವಾದದ ಒಳರಚನೆಯನ್ನು ಕಂಡ ಮಗು ಇಂಗ್ಲಿಷಿನಲ್ಲಿಯೂ ಹುಡುಕಬೇಕಾದುದೇನೆಂದು ಬಲ್ಲದು. ಅದಕ್ಕೆ ಹೊಸದಾಗಿ ಬೇಕಾದುದು ಪದಗಳು ಮಾತ್ರ. ನಮ್ಮಲ್ಲಿ ಎಷ್ಟೋ ಮಕ್ಕಳ ಮನೆಮಾತು ತುಳು, ಕೊಂಕಣಿ, ಬ್ಯಾರಿ, ಮಲಯಾಳ ಅಥವಾ ಮರಾಠಿ ಎಂಬುದು ನಿಜ. ಆದರೂ ಊರಿನ ಅಂಗಡಿಯಲ್ಲಿ, ಆಟದ ಬಯಲಿನಲ್ಲಿ, ಯಕ್ಷಗಾನದ ಅಂಗಳದಲ್ಲಿ ಕನ್ನಡವನ್ನು ಕೇಳಿಯೇ ಅವರು ಶಾಲೆಗೆ ಬರುತ್ತಾರೆ. ಅವರ ಪಾಲಿಗೆ ಇಂಗ್ಲಿಷ್ ಅಷ್ಟು ಸಮೀಪದ ಭಾಷೆಯಲ್ಲ.

ಹಾಗೆಂದು ಹೆತ್ತವರ ಆಧಾರವಾಕ್ಯವನ್ನು ನಾವು ಬದಿಗೆ ತಳ್ಳುವಂತಿಲ್ಲ. ಅದರಿಂದ ನ್ಯಾಯವಾಗಿ ಹೊರಡುವ ತೀರ್ಮಾನವೊಂದಿದೆ: ಕನ್ನಡ ಮಾಧ್ಯಮದ ಶಾಲೆ ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸಲೇಬೇಕು. ಆ ಹೊಣೆ ನಮ್ಮದು. ಎಂಟನೆಯ ತರಗತಿಯ ತರ್ಕದ ಅವಧಿಯಲ್ಲಿ ನಾವು ಒಂದೇ ವಾದವನ್ನು ಮೊದಲು ಕನ್ನಡದಲ್ಲಿಯೂ ಮರುದಿನ ಇಂಗ್ಲಿಷಿನಲ್ಲಿಯೂ ಬಿಡಿಸುತ್ತೇವೆ. ‘ಇಂದ’ ಇದ್ದಲ್ಲಿ ‘ಸಿನ್ಸ್’, ‘ಆದರೂ’ ಇದ್ದಲ್ಲಿ ‘ಆಲ್‌ದೋ’ ಬಂದುದನ್ನು, ಕನ್ನಡದಲ್ಲಿ ಕೊನೆಗಿದ್ದ ಗುರುತು ಅಲ್ಲಿ ಮೊದಲಿಗೆ ಬಂದುದನ್ನು ಮಕ್ಕಳೇ ಕಂಡು ಹೇಳುತ್ತಾರೆ.

ರಕ್ಷಕರಲ್ಲಿ ನಮ್ಮದೊಂದು ಕೋರಿಕೆ. ಪತ್ರಿಕೆಯ ಸಂಪಾದಕೀಯವನ್ನೋ ವಾಚಕರ ಪತ್ರವನ್ನೋ ಮಗುವಿನೊಡನೆ ವಾರಕ್ಕೊಮ್ಮೆ ಓದಿರಿ. ಬರೆದವರು ಕೊನೆಗೂ ನಮ್ಮಿಂದ ಒಪ್ಪಿಸಿಕೊಳ್ಳಬಯಸುವ ಮಾತು ಯಾವುದು? ಅದಕ್ಕೆ ಅವರು ಕೊಡುವ ಕಾರಣಗಳು ಯಾವುವು? ಅದರಲ್ಲಿ ಬೇರೆಯವರ ಮಾತು ಯಾವುದು? ಈ ಮೂರನ್ನು ಕೇಳಿರಿ. ಮಗುವಿನ ಉತ್ತರ ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾಗಿ ಬಂದರೂ ಗದರಬೇಡಿರಿ. ತನಗೆ ಒಪ್ಪಿಗೆಯಾಗದ ವಾದವನ್ನೂ ಇದ್ದಂತೆಯೇ ತಿಳಿಯುವುದು ಈ ವಿದ್ಯೆಯ ಮೊದಲ ಪಾಠ. ಮುಂದಿನ ವರ್ಷ ಒಂದನೆಯ ತರಗತಿಗೆ ಮಗುವನ್ನು ಎಲ್ಲಿ ಸೇರಿಸುವುದೆಂಬ ಚರ್ಚೆ ತಮ್ಮ ಮನೆಯಲ್ಲಿ ನಡೆದಾಗ, ಅಲ್ಲಿ ಆಡುವ ಮಾತುಗಳನ್ನೂ ಇದೇ ರೀತಿ ಬಿಡಿಸಿ ನೋಡಬೇಕೆಂದು, ನಾವು ಇಂದು ಆಡಿದ ಮಾತುಗಳನ್ನೂ ಆ ಪರೀಕ್ಷೆಗೆ ಒಡ್ಡಬೇಕೆಂದು ಕೇಳಿಕೊಂಡು ವಿರಮಿಸುತ್ತೇವೆ.