ಕಂಪ್ಯೂಟರಿನ ಕಪಾಟು

(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಈ ತಿಂಗಳ ಮಾತು ತಮ್ಮದು ಎಂದು ಕಾರ್ಯದರ್ಶಿಗಳು ನಮ್ಮನ್ನು ಕೇಳಿದಾಗ ಎರಡು ಸಲ ಒಲ್ಲೆವೆಂದೆವು. ನಾವು ಸಾಹಿತಿಗಳಲ್ಲ, ಎಂಜಿನಿಯರರೂ ಅಲ್ಲ, ಬಿ.ಕಾಂ. ಮುಗಿಸಿ ಹೊಟ್ಟೆಪಾಡಿಗಾಗಿ ಪುಣೆಗೆ ಬಂದು ಬ್ಯಾಂಕಿನ ಗಾಜಿನ ಕಿಂಡಿಯ ಹಿಂದೆ ಕುಳಿತ ಗುಮಾಸ್ತರು. ಈ ಸಭೆಯಲ್ಲಿ ಕಂಪ್ಯೂಟರನ್ನು ಬಿಚ್ಚಿ ಮತ್ತೆ ಜೋಡಿಸಬಲ್ಲ ತರುಣರು ಹತ್ತಾರು ಮಂದಿ ಇದ್ದಾರೆ. ಅವರೆದುರು ಕಂಪ್ಯೂಟರಿನ ಮಾತನಾಡುವುದೆಂದರೆ ಕುಂಬಾರರ ಓಣಿಯಲ್ಲಿ ಗಡಿಗೆ ಮಾರಲು ಹೋದಂತೆ. ಆದರೂ ಮೂರನೆಯ ಸಲಕ್ಕೆ ಒಪ್ಪಿದೆವು. ಈ ವಿಷಯದಲ್ಲಿ ನಾವು ಕಳೆದುಕೊಂಡಷ್ಟನ್ನು ಆ ತರುಣರಾರೂ ಕಳೆದುಕೊಂಡಿರಲಾರರು. ಅದನ್ನು ಅದರ ಸ್ಥಳ ಬಂದಾಗ ಹೇಳುತ್ತೇವೆ.

ಕಂಪ್ಯೂಟರಿನ ಪರದೆಯ ಕೆಳಗಡೆ ಹಳದಿ ಬಣ್ಣದ ಚಿಕ್ಕ ಫೋಲ್ಡರಿನ ಚಿತ್ರವನ್ನು ತಾವೆಲ್ಲ ನೋಡಿದ್ದೀರಿ. ವಿಂಡೋಸಿನಲ್ಲಿ ಅದರ ಹೆಸರು ಫೈಲ್ ಎಕ್ಸ್‌ಪ್ಲೋರರ್. ಆಪಲ್ ಕಂಪ್ಯೂಟರಿನಲ್ಲಿ ಫೈಂಡರ್ ಎನ್ನುತ್ತಾರೆ. ಲಿನಕ್ಸಿನವರಿಗೆ ನಾಟಿಲಸ್, ಡಾಲ್ಫಿನ್ ಮೊದಲಾದವು ಉಂಟು. ಹೆಸರು ಯಾವುದಾದರೇನು, ಕೆಲಸ ಒಂದೇ: ಯಂತ್ರದೊಳಗೆ ಇಟ್ಟ ಕಾಗದಪತ್ರ, ಫೋಟೋ, ಹಾಡುಗಳನ್ನು ಕಪಾಟಿನಲ್ಲಿ ಜೋಡಿಸಿ, ಬೇಕಾದಾಗ ತೆಗೆದುಕೊಡುವುದು. ಮೇಜು, ಕಡತ ಎಂಬ ಆಫೀಸಿನ ಸಾಮಾನನ್ನೇ ಚಿತ್ರಗಳನ್ನಾಗಿ ಮಾಡಿ ಪರದೆಯ ಮೇಲಿಟ್ಟ ಯಂತ್ರವನ್ನು ಝೆರಾಕ್ಸ್ ಕಂಪನಿಯು ‘ಸ್ಟಾರ್’ ಎಂಬ ಹೆಸರಿನಿಂದ 1981ರಲ್ಲಿ ಮಾರಾಟಕ್ಕೆ ತಂದಿತು. 1984ರಲ್ಲಿ ಮ್ಯಾಕಿಂಟಾಷ್ ಬಂತು. ನಮ್ಮಂಥವರ ಮೇಜಿಗೆ ಇಳಿದ ಎಕ್ಸ್‌ಪ್ಲೋರರ್ 1995ರ ವಿಂಡೋಸಿನದು. ಇತಿಹಾಸ ಇಷ್ಟು ಸಾಕು.

ನಾವು ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಾಖೆಯ ದಫ್ತರದ ಕೋಣೆಗೆ ಒಬ್ಬ ಮುದುಕ ಜವಾನರಿದ್ದರು. ಎಂಟು ವರ್ಷದ ಹಿಂದಿನ ವೋಚರು ಬೇಕೆಂದರೂ ಕತ್ತಲಲ್ಲೇ ಕೈಹಾಕಿ ತೆಗೆದುಕೊಡುತ್ತಿದ್ದರು. ಅವರು ನಿವೃತ್ತರಾದ ಮರುವಾರ ಒಂದು ಕಟ್ಟಿಗಾಗಿ ನಾವು ನಾಲ್ವರು ಇಡೀ ದಿನ ಧೂಳು ಕುಡಿದೆವು. ಕಟ್ಟುಗಳ ಮೇಲೆ ಹೆಸರೇ ಇರಲಿಲ್ಲ. ಹೆಸರೆಲ್ಲ ಆ ಹಿರಿಯರ ತಲೆಯಲ್ಲಿತ್ತು. ನಮ್ಮ ಮನೆಗಳ ಕಂಪ್ಯೂಟರುಗಳೂ ಇಂದು ಅದೇ ಸ್ಥಿತಿಯಲ್ಲಿವೆ. ‘ಹೊಸ ಫೋಲ್ಡರು’, ಅದರೊಳಗೆ ‘ಹೊಸ ಫೋಲ್ಡರು 2’, ಅದರೊಳಗೆ ‘ಕೊನೆಯದು’, ‘ಖಂಡಿತ ಕೊನೆಯದು’. ನಗಬೇಡಿ, ನಮ್ಮ ಸಂಘದ ಕಂಪ್ಯೂಟರಿನಲ್ಲಿ ನಾವೇ ಕಣ್ಣಾರೆ ಕಂಡದ್ದು!

ಸಂಘದ ಮಾತು ಬಂತಾದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇವೆ. ಒಂದು ವರ್ಷ ನಮ್ಮ ಸ್ಮರಣ ಸಂಚಿಕೆಯ ಲೇಖನಗಳನ್ನೆಲ್ಲ ಪೆನ್ ಡ್ರೈವಿಗೆ ಹಾಕಿಕೊಂಡು ಮುದ್ರಣಾಲಯಕ್ಕೆ ಹೋದೆವು. ಅಲ್ಲಿ ತೆರೆದರೆ ಒಂದೂ ತೆರೆಯದು. ನಾವು ಒಯ್ದದ್ದು ಲೇಖನಗಳನ್ನಲ್ಲ, ಶಾರ್ಟ್‌ಕಟ್‌ಗಳನ್ನು. ಚಿತ್ರದ ಮೂಲೆಯಲ್ಲಿ ಬಾಗಿದ ಸಣ್ಣ ಬಾಣ ಇದ್ದರೆ ಅದು ಫೈಲಲ್ಲ, ಫೈಲು ಎಲ್ಲಿದೆಯೆಂದು ತೋರಿಸುವ ಚೀಟಿ. ಹಿರಿಯರಿಗೆ ನೆನಪಿರಬಹುದು, ಹಿಂದೆ ಬ್ಯಾಂಕಿನಲ್ಲಿ ಚೆಕ್ಕು ಕೊಟ್ಟರೆ ಪಿತ್ತಳೆಯ ಬಿಲ್ಲೆ ಕೊಡುತ್ತಿದ್ದರು. ಆ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು ಹಣ ಬಂತೆಂದು ಊರಿಗೆ ಹೊರಟಂತಾಯಿತು ನಮ್ಮ ಪಾಡು. ಎರಡು ಬಸ್ಸು ಬದಲಿಸಿ ಹಿಂದಿರುಗಿದೆವು.

ಎಳೆದು ಹಾಕುವುದರಲ್ಲಿಯೂ ಒಂದು ಸೂಕ್ಷ್ಮ ಉಂಟು. ಒಂದೇ ಡ್ರೈವಿನೊಳಗೆ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಎಳೆದರೆ ಫೈಲು ಸ್ಥಳ ಬದಲಿಸುತ್ತದೆ, ಮೊದಲಿದ್ದಲ್ಲಿ ಉಳಿಯದು. ಬೇರೆ ಡ್ರೈವಿಗೆ, ಎಂದರೆ ಪೆನ್ ಡ್ರೈವಿಗೆ, ಎಳೆದರೆ ಪ್ರತಿಯಾಗುತ್ತದೆ. ಮೂಲ ಅಲ್ಲೇ ಇರುತ್ತದೆ. ಕೈಯ ಚಲನೆ ಒಂದೇ, ಲೆಕ್ಕ ಬೇರೆ ಬೇರೆ. ಗೊಂದಲವಾದರೆ ಮೌಸಿನ ಎಡಗುಂಡಿಯ ಬದಲು ಬಲಗುಂಡಿಯನ್ನು ಒತ್ತಿ ಎಳೆಯಿರಿ. ಕೈಬಿಟ್ಟ ಕೂಡಲೆ, ಪ್ರತಿ ಮಾಡಲೋ, ಸಾಗಿಸಲೋ ಎಂದು ಅದೇ ವಿನಯದಿಂದ ಕೇಳುತ್ತದೆ. ತಪ್ಪಿದರೂ ಕಂಟ್ರೋಲ್ ಕೀಲಿಯೊಡನೆ ಝಡ್ ಒತ್ತಿದರೆ ಹಿಂದಿನ ಸ್ಥಿತಿ ಬರುತ್ತದೆ. ಈ ಕೀಲಿ ಪತ್ರ ಬರೆಯುವಾಗ ಮಾತ್ರ ನಡೆಯುವುದೆಂದು ಬಹಳ ಮಂದಿ ತಿಳಿದಿದ್ದಾರೆ; ಕಪಾಟಿನಲ್ಲಿಯೂ ನಡೆಯುತ್ತದೆ.

ಇನ್ನು ಹೆಸರಿಡುವ ಮಾತು. ಮಗುವಿಗೆ ಹೆಸರಿಡಲು ಹನ್ನೆರಡು ದಿನ ಯೋಚಿಸುವ ನಾವು ಫೈಲಿಗೆ ಅರ್ಧ ನಿಮಿಷ ಕೊಡುವುದಿಲ್ಲ. ಫೈಲನ್ನು ಆರಿಸಿ ಎಫ್-2 ಕೀಲಿ ಒತ್ತಿದರೆ ಹೆಸರು ಬದಲಿಸಬಹುದು. ಮದುವೆಯ ಇನ್ನೂರು ಫೋಟೋಗಳನ್ನು ಒಟ್ಟಿಗೆ ಆರಿಸಿ ಎಫ್-2 ಒತ್ತಿ ಒಂದೇ ಹೆಸರು ಬರೆದರೆ, ಎಲ್ಲಕ್ಕೂ ಆ ಹೆಸರೇ ಬಂದು ಪಕ್ಕದಲ್ಲಿ 1, 2, 3 ಎಂದು ಸಂಖ್ಯೆ ಬೀಳುತ್ತದೆ. ತಾರೀಖನ್ನು ಮಾತ್ರ ನಮ್ಮ ರೂಢಿಯಂತೆ ದಿನದಿಂದ ಆರಂಭಿಸಬೇಡಿ. 5-3-2021 ಎಂದೂ 10-1-2019 ಎಂದೂ ಬರೆದರೆ ಯಂತ್ರವು ಐದನ್ನು ಹತ್ತಕ್ಕಿಂತ ಮೊದಲು ನಿಲ್ಲಿಸಿ, 2021ನ್ನು 2019ರ ಮುಂದೆ ಇಟ್ಟುಬಿಡುತ್ತದೆ. 2019-01-10 ಎಂದು ವರ್ಷ ಮೊದಲು ಬರೆದರೆ ಎಲ್ಲವೂ ತಾನಾಗಿ ಕಾಲಕ್ರಮದಲ್ಲಿ ಸಾಲುಗಟ್ಟುತ್ತವೆ. ಬ್ಯಾಂಕಿನವರಿಗೆ ಓರೆಗೆರೆ ಎಳೆದೇ ತಾರೀಖು ಬರೆಯುವ ಚಾಳಿ. ವಿಂಡೋಸು ಹೆಸರಿನಲ್ಲಿ ಓರೆಗೆರೆಯನ್ನು ಒಪ್ಪುವುದಿಲ್ಲ. ಪ್ರಶ್ನಾರ್ಥಕ ಚಿಹ್ನೆಯನ್ನೂ ಒಪ್ಪದು.

ಹೆಸರನ್ನು ಯಾವ ಭಾಷೆಯಲ್ಲಿ ಬರೆಯಬೇಕು? ಕನ್ನಡದಲ್ಲಿ ಬರೆಯಬಹುದು ಎಂಬುದೇ ನಮ್ಮಲ್ಲಿ ಅನೇಕರಿಗೆ ತಿಳಿಯದು. ಯೂನಿಕೋಡ್ ಎಂಬ ಲಿಪಿಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಅಕ್ಷರಶೈಲಿಯೂ ಬಂತು. ಇಂದು ಭಾಷೆಯ ಸಿದ್ಧತೆಯಲ್ಲಿ ಕನ್ನಡ ಕೀಲಿಮಣೆಯನ್ನು ಸೇರಿಸಿಕೊಂಡರೆ ಸಾಕು, ಫೋಲ್ಡರಿಗೆ ‘ಅಜ್ಜನ ಪತ್ರಗಳು’ ಎಂದು ಬರೆಯಬಹುದು. ಹುಡುಕುವ ಚೌಕದಲ್ಲಿ ‘ಅಜ್ಜ’ ಎಂದು ಬರೆದರೆ ಅದು ಎದ್ದು ಬರುತ್ತದೆ.

ಇಲ್ಲಿ ಸಂಘಕ್ಕೆ ಸಂಬಂಧಿಸಿದ ಒಂದು ತೊಡಕಿದೆ. ನಮ್ಮ ಹಳೆಯ ಸಂಚಿಕೆಗಳ ಬಹುಭಾಗ ಯೂನಿಕೋಡಿಗೆ ಮುಂಚಿನ ಪದ್ಧತಿಯಲ್ಲಿ ಬೆರಳಚ್ಚಾದವು. 1998ರಲ್ಲಿ ಬಂದ ಬರಹ, ಆಮೇಲೆ ಬಂದ ನುಡಿ, ಇವು ಕನ್ನಡಕ್ಕೆ ಮಾಡಿದ ಸೇವೆ ಚಿಕ್ಕದಲ್ಲ. ಅವಿಲ್ಲದಿದ್ದರೆ ಪರನಾಡಿನಲ್ಲಿ ಸಂಚಿಕೆಗಳು ಹೊರಡುವುದೇ ಕಷ್ಟವಿತ್ತು. ಆದರೆ ಆ ಹಳೆಯ ಪದ್ಧತಿಯಲ್ಲಿ ಒಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತವೇ. ಕನ್ನಡದ ವೇಷವನ್ನು ಅಕ್ಷರಶೈಲಿಯು ತೊಡಿಸುತ್ತದೆ. ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ವೇಷ ಕಳಚಿ ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣುತ್ತದೆ. ಹುಡುಕುವ ಚೌಕದಲ್ಲಿ ಎಷ್ಟೇ ಚೆನ್ನಾದ ಕನ್ನಡದಲ್ಲಿ ಕೇಳಿದರೂ ಆ ಲೇಖನದ ಒಳಗಿನ ಒಂದು ಮಾತೂ ಸಿಗಲಾರದು. ಅಂಥವಕ್ಕೆ ಹೊರಗಿನ ಹೆಸರೊಂದೇ ಗತಿ. ಆದುದರಿಂದ ವರ್ಷ, ಲೇಖಕರು, ವಿಷಯ, ಈ ಮೂರನ್ನು ಯೂನಿಕೋಡ್ ಕನ್ನಡದಲ್ಲಿ ಫೈಲಿನ ಹೆಸರಾಗಿ ಬರೆಯುವ ಕೆಲಸವನ್ನು ನಾವು ಕೆಲವರು ಕೂಡಿ ಹಿಡಿದಿದ್ದೇವೆ. ಒಳಗಿನದನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳೂ ಉಂಟು. ಅದು ಎರಡನೆಯ ಕೆಲಸ.

ಇದಕ್ಕೆ ನಮ್ಮ ಮನೆಯಲ್ಲಿಯೇ ಒಂದು ಆಕ್ಷೇಪಣೆ ಬಂತು. ಮಗಳು ಕಲಿಯುವುದು ಮರಾಠಿ ಮತ್ತು ಇಂಗ್ಲಿಷು. ಕನ್ನಡ ಮಾತಾಡುತ್ತಾಳೆ, ಓದಲಾರಳು. ‘ಎಲ್ಲವನ್ನೂ ಕನ್ನಡದಲ್ಲಿ ಬರೆದಿಟ್ಟರೆ ನಾಳೆ ಅವಳಿಗೇ ಸಿಗುವುದಿಲ್ಲವಲ್ಲ?’ ಎಂದು ಮನೆಯವರು ಕೇಳಿದರು. ಮಾತು ನಿಜ. ಸಂಜೆಯೆಲ್ಲ ವಾದವಾಗಿ, ಕಡೆಗೆ ಕನ್ನಡದ ಹೆಸರಿನ ಪಕ್ಕದಲ್ಲಿ ರೋಮನ್ ಲಿಪಿಯಲ್ಲಿ ಒಂದು ಶಬ್ದ ಬರೆಯುವುದೆಂದು ರಾಜಿಯಾಯಿತು. ಈ ರಾಜಿ ನಮಗೆ ಪೂರ್ತಿ ಹಿಡಿಸಿಲ್ಲ. ಆದರೆ ಬೀಗದಕೈ ಒಂದಕ್ಕಿಂತ ಎರಡಿದ್ದರೆ ಮೇಲು.

ಹೆಸರಿನ ಬಾಲದ ಬಗ್ಗೆ, ಬ್ಯಾಂಕಿನವರಾಗಿ, ಎರಡು ಮಾತು. ಪ್ರತಿ ಫೈಲಿನ ಹೆಸರಿನ ಕೊನೆಗೆ ಚುಕ್ಕೆ ಇಟ್ಟು ಪಿಡಿಎಫ್, ಜೆಪಿಜಿ ಎಂಬಂಥ ಜಾತಿಸೂಚಕ ಇರುತ್ತದೆ. ವಿಂಡೋಸು ಇದನ್ನು ತಾನಾಗಿ ಮರೆಮಾಡುತ್ತದೆ. ಮೋಸಗಾರರು ‘ಬಿಲ್ಲು ಚುಕ್ಕೆ ಪಿಡಿಎಫ್ ಚುಕ್ಕೆ ಇಎಕ್ಸ್‌ಇ’ ಎಂದು ಹೆಸರಿಟ್ಟು ಕಳಿಸಿದರೆ, ತಮಗೆ ‘ಬಿಲ್ಲು ಚುಕ್ಕೆ ಪಿಡಿಎಫ್’ ಎಂದಷ್ಟೇ ಕಾಣುತ್ತದೆ. ಒತ್ತಿದರೆ ತೆರೆಯುವುದು ಬಿಲ್ಲಲ್ಲ, ಒಂದು ಪ್ರೋಗ್ರಾಂ. ‘ವ್ಯೂ’ ಎಂಬಲ್ಲಿ ಹೋಗಿ ಫೈಲಿನ ಎಕ್ಸ್‌ಟೆನ್ಷನ್ ತೋರಿಸುವ ಗುರುತನ್ನು ಹಾಕಿಕೊಳ್ಳಿ. ಮನೆಗೆ ಹೋದ ಕೂಡಲೆ ಇದೊಂದನ್ನು ಮಾಡಿದರೂ ನಮ್ಮ ಭಾಷಣ ಸಾರ್ಥಕ.

ಈಗ ಆರಂಭದಲ್ಲಿ ಬಾಕಿ ಇಟ್ಟ ಸಂಗತಿ.

2016ರ ಬೇಸಿಗೆಯಲ್ಲಿ ನಮ್ಮ ತಾಯಿಯವರು ಧಾರವಾಡದ ಕಡೆಯ ನಮ್ಮ ಹಳ್ಳಿಯಿಂದ ಬಂದು ಎರಡು ತಿಂಗಳು ನಮ್ಮಲ್ಲಿದ್ದರು. ಬೀಸುವ ಪದಗಳು ಅವರಿಗೆ ಬಹಳ ಬರುತ್ತಿದ್ದವು. ಫ್ಲಾಟಿನಲ್ಲಿ ಬೀಸುವ ಕಲ್ಲೆಲ್ಲಿ? ಕಲ್ಲಿಲ್ಲದೆ ಪದ ಬರುವುದಿಲ್ಲವೆಂದು ಮೊದಮೊದಲು ಹಟ ಹಿಡಿದರು. ಆಮೇಲೆ ಒಂದು ಮಧ್ಯಾಹ್ನ ಅಡಿಗೆಮನೆಯಲ್ಲಿ ನೆಲಕ್ಕೆ ಕುಳಿತು, ಬಲಗೈಯನ್ನು ಬರಿಗಾಳಿಯಲ್ಲಿ ತಿರುಗಿಸುತ್ತ ಹಾಡಿದರು. ಹದಿನಾಲ್ಕು ಪದಗಳನ್ನು ಫೋನಿನಲ್ಲಿ ಹಿಡಿದು ಪೆನ್ ಡ್ರೈವಿಗೆ ಸಾಗಿಸಿದೆವು. ಸಾಗಿಸಿದೆವು, ಪ್ರತಿ ಮಾಡಲಿಲ್ಲ. 2019ರಲ್ಲಿ ಅವರು ತೀರಿಕೊಂಡರು.

2021ರಲ್ಲಿ ಸಂಘದ ಕಾರ್ಯಕ್ರಮದ ಫೋಟೋಗಳಿಗೆ ಅವಸರದಲ್ಲಿ ಜಾಗ ಬೇಕಾಯಿತು. ಆ ಪೆನ್ ಡ್ರೈವಿನಲ್ಲಿ ‘ಹೊಸ ಫೋಲ್ಡರು’ ಎಂಬುದೊಂದಿತ್ತು. ಹೆಸರು ನೋಡಿ ಬೇಡದ್ದೆಂದು ಅಳಿಸಿದೆವು. ಶಾಶ್ವತವಾಗಿ ಅಳಿಸಬೇಕೆ ಎಂದು ಪರದೆ ಕೇಳಿತ್ತು. ಚೆಕ್ಕಿನ ಸಹಿಯನ್ನು ಎರಡು ಸಲ ನೋಡುವ ನಾವು ಆ ಒಂದು ಶಬ್ದವನ್ನು ಓದದೆ ಎಂಟರ್ ಒತ್ತಿದೆವು. ಮೂರು ದಿನದ ಮೇಲೆ ನೆನಪಾಗಿ ರಿಸೈಕಲ್ ಬಿನ್ ತೆರೆದರೆ ಅಲ್ಲಿ ಏನೂ ಇಲ್ಲ. ಕಂಪ್ಯೂಟರಿನ ಒಳಗಿನ ಡಿಸ್ಕಿನಿಂದ ಅಳಿಸಿದ್ದು ಆ ಬುಟ್ಟಿಗೆ ಬೀಳುತ್ತದೆ. ಪೆನ್ ಡ್ರೈವಿನಿಂದ ಅಳಿಸಿದ್ದು ಬೀಳುವುದಿಲ್ಲ. ಶಿಫ್ಟ್ ಒತ್ತಿ ಅಳಿಸಿದ್ದೂ ಬೀಳುವುದಿಲ್ಲ.

ಆಗಲೂ ಆಸೆ ಇತ್ತಂತೆ. ಅಳಿಸಿದಾಗ ಹೋಗುವುದು ಸ್ಥಳದ ಗುರುತು ಮಾತ್ರ. ಅದರ ಮೇಲೆ ಬೇರೆಯದನ್ನು ಬರೆಯುವ ತನಕ ಒಳಗಿನದು ಉಳಿದಿರುತ್ತದೆ. ಅಳಿಸಿದ್ದು ತಪ್ಪೆಂದು ತಿಳಿದ ಕ್ಷಣದಿಂದ ಆ ಪೆನ್ ಡ್ರೈವಿಗೆ ಏನನ್ನೂ ಹಾಕಬಾರದು. ನಾವು ಅಷ್ಟರಲ್ಲಿ ಆರುನೂರು ಫೋಟೋ ತುಂಬಿದ್ದೆವು. ನಮ್ಮ ಸಂಘದ ತರುಣರೊಬ್ಬರು ರಾತ್ರಿಯೆಲ್ಲ ಕುಳಿತು ಹುಡುಕಿದರು. ಹದಿನಾಲ್ಕರಲ್ಲಿ ಮೂರು ಬಂದವು. ಮೂರನೆಯದು ನಡುವೆ ಕಡಿಯುತ್ತದೆ.

ಆ ಮೂರಕ್ಕೂ ಈಗ ಹೆಸರಿದೆ: ವರ್ಷ, ‘ಅವ್ವನ ಬೀಸುವ ಪದ’, ಪಕ್ಕದಲ್ಲಿ ಮಗಳಿಗಾಗಿ ರೋಮನ್ನಿನ ಒಂದು ಶಬ್ದ. ಒಂದು ಪ್ರತಿ ಮನೆಯ ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಒಂದು ಊರಿನಲ್ಲಿ ತಂಗಿಯ ಮನೆಯಲ್ಲಿದೆ.

ತಮ್ಮ ಮನೆಗಳಲ್ಲಿಯೂ ಹಿರಿಯರ ದನಿ, ಊರಿನ ಮನೆಯ ಫೋಟೋ, ಹಳೆಯ ಕಾಗದಪತ್ರ ಇಂಥ ಯಾವುದೋ ‘ಹೊಸ ಫೋಲ್ಡರಿ’ನೊಳಗೆ ಇರಬಹುದು. ಪ್ರತಿ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಸಂಘದ ವಾಚನಾಲಯದಲ್ಲಿ ನಾವು ಮೂವರು ಕುಳಿತಿರುತ್ತೇವೆ. ಪೆನ್ ಡ್ರೈವು ತನ್ನಿ, ಒಟ್ಟಿಗೆ ತೆರೆದು ಹೆಸರಿಡೋಣ. ಬರುವ ಮುಂಚೆ ಮನೆಯಲ್ಲಿ ಒಂದು ಪ್ರತಿ ಮಾಡಿಟ್ಟು ಬನ್ನಿ. ಚಹದ ವ್ಯವಸ್ಥೆ ಇದೆ.