ಮುರಕಲ್ಲು ನೆಲಕ್ಕೆ ಚದುರಗಳ್ಳಿಯ ಬೇಲಿ



ಮಂಗಳೂರಿನ ಗುಡ್ಡೆಗಳಲ್ಲಿ ಬೇಲಿ ಹಾಕಲು ಹೊರಟವರಿಗೆ ಮೊದಲು ಅಡ್ಡ ಬರುವುದು ನೆಲವೇ. ಪದವಿನಂಗಡಿಯ ಹೆಸರಿನಲ್ಲಿರುವ 'ಪದವು' ಎಂದರೆ ಮುರಕಲ್ಲಿನ ಬಯಲು. ಅಂಥಲ್ಲಿ ಒಂದು ಗೂಟ ನಿಲ್ಲಿಸಬೇಕಾದರೂ ಪಿಕಾಸಿಯಿಂದ ಕಲ್ಲು ಒಡೆಯಬೇಕು. ಇಷ್ಟು ತೆಳು ಮಣ್ಣಿನಲ್ಲಿಯೂ ಬೇರೂರಬಲ್ಲ ಗಿಡಗಳಲ್ಲಿ ಚದುರಗಳ್ಳಿ ಒಂದು. ಇದರ ಶಾಸ್ತ್ರೀಯ ಹೆಸರು ಯುಫೋರ್ಬಿಯಾ ಆಂಟಿಕ್ವೋರಮ್. ಹೆಸರು ಚದುರವಾದರೂ ಕೊಂಬೆಗೆ ಮೂರು ಏಣುಗಳಿರುವುದೇ ಹೆಚ್ಚು.

ದಕ್ಷಿಣ ಭಾರತದ ಒಣ ಕಲ್ಲುಗುಡ್ಡಗಳು ಇದರ ತವರು. ಅಲ್ಲಿ ಇದು ಆಳೆತ್ತರವನ್ನು ಮೀರಿ ಮರವಾಗಿ ಬೆಳೆಯುತ್ತದೆ. ಎಲೆಗಳು ತೀರ ಚಿಕ್ಕವು, ಬೇಗ ಉದುರುತ್ತವೆ. ಆಹಾರ ತಯಾರಿಸುವ ಕೆಲಸ ಹಸಿರು ಕಾಂಡದ್ದು. ನೀರು ಆರಿಹೋಗದಂತೆ ಹಗಲಿನಲ್ಲಿ ಕಾಂಡದ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ. ಏಣುಗಳ ಮೇಲೆ ಜೋಡಿ ಮುಳ್ಳುಗಳಿವೆ. ದನ, ಆಡು ಬಾಯಿ ಹಾಕುವುದಿಲ್ಲ. ಅಮೆರಿಕದಿಂದ ಬಂದ ಪಾಪಾಸುಕಳ್ಳಿಯೊಡನೆ ಇದನ್ನು ಸೇರಿಸಬಾರದು. ಅದನ್ನು ಕಡಿದರೆ ಹಾಲು ಬರುವುದಿಲ್ಲ.

ಬರಗಾಲವನ್ನು ತಾಳುವ ಈ ಗಿಡ ನಿಂತ ನೀರನ್ನು ತಾಳುವುದಿಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆದುದರಿಂದ ಬಯಲುಸೀಮೆಯವರಂತೆ ಮಳೆಗಾಲದ ಆರಂಭದಲ್ಲಿ ನೆಟ್ಟರೆ ತುಂಡುಗಳು ಬುಡದಲ್ಲೇ ಕೊಳೆಯುತ್ತವೆ. ಮಳೆ ಹಿಂದೆ ಸರಿದ ಮೇಲೆ ನವೆಂಬರ್, ಡಿಸೆಂಬರ್‌ನಲ್ಲಿ ನೆಡುವುದು ಲೇಸು. ಒಂದಡಿ ಉದ್ದದ ತುಂಡನ್ನು ಕತ್ತರಿಸಿ, ಹಾಲು ತೊಳೆದು, ಗಾಯ ಒಣಗಿ ಗಟ್ಟಿಯಾಗುವವರೆಗೆ ಹತ್ತು ಹದಿನೈದು ದಿನ ನೆರಳಿನಲ್ಲಿ ಇಡಬೇಕು. ಬಳಿಕ ಮರಳು, ಜಲ್ಲಿ ಬೆರೆಸಿದ ಮಣ್ಣನ್ನು ದಿಬ್ಬದಂತೆ ಏರಿಸಿ ನೆಡಬೇಕು. ಮೊದಲ ಬೇಸಗೆಯಲ್ಲಿ ಆಗೀಗ ನೀರು ಸಾಕು. ಗೊಬ್ಬರಕ್ಕೆ ಹಣ ಸುರಿಯುವುದು ವ್ಯರ್ಥ.

ಇಷ್ಟು ಸುಲಭದ ಬೇಲಿಯನ್ನು ಎಲ್ಲರಿಗೂ ಎಲ್ಲೆಡೆಗೂ ಹೇಳಲಾಗದು. ಕಾರಣ ಅದರ ಹಾಲು. ಮೈಗೆ ತಗಲಿದರೆ ಉರಿ, ಗುಳ್ಳೆ; ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಎಷ್ಟೋ ವೇಳೆ ಕತ್ತಿ ಹಿಡಿದವನ ಕಣ್ಣಿಗೆ ಹಾಲು ನೇರವಾಗಿ ಸಿಡಿಯುವುದಿಲ್ಲ; ಬೆವರು ಒರೆಸಿಕೊಳ್ಳುವ ಕೈಯಿಂದ ಅದು ಕಣ್ಣಿಗೆ ಸೇರುತ್ತದೆ. ಹಾಗೆ ಆದ ಕೂಡಲೇ, ಒಂದು ಕ್ಷಣವನ್ನೂ ಕಳೆಯದೆ, ಶುದ್ಧ ನೀರಿನಿಂದ ಹದಿನೈದು ಇಪ್ಪತ್ತು ನಿಮಿಷ ಕಣ್ಣು ತೊಳೆಯಬೇಕು. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಯಾವುದನ್ನೂ ಹಾಕಬಾರದು. ಉರಿ ತಗ್ಗಿತೆಂದು ಮನೆಯಲ್ಲಿ ಉಳಿಯುವುದೂ ತಪ್ಪು, ಕೆಲವು ಗಂಟೆಗಳ ನಂತರ ನೋಟ ಮಂಜಾಗುವುದುಂಟು. ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಬೇಗ ಚಿಕಿತ್ಸೆ ಸಿಕ್ಕಿದವರ ಕಣ್ಣು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಸರಿಹೋಗುತ್ತದೆ.

ಹೀಗಿರುವಾಗ ಮಕ್ಕಳು ಓಡಾಡುವ ಅಂಗಳ, ಶಾಲೆಗೆ ಹೋಗುವ ಓಣಿ, ಬಾವಿಕಟ್ಟೆಯ ಬದಿ, ಇಲ್ಲೆಲ್ಲ ಇದು ಬೇಡ. ನಗರದ ಮನೆಗಳಲ್ಲಿ ಅಂದಕ್ಕೆಂದು ಕುಂಡದಲ್ಲಿ ಇಡುವವರಿಗೂ ಇದೇ ಮಾತು. ಜನ ಸುಳಿಯದ ಗುಡ್ಡೆಯ ಅಂಚಿಗೆ ಮಾತ್ರ ಇದು ತಕ್ಕದ್ದು. ಸವರುವ ದಿನ ಕನ್ನಡಕ, ಕೈಗವಸು, ಉದ್ದ ತೋಳಿನ ಅಂಗಿ ಇರಲಿ. ಪಕ್ಕದಲ್ಲಿ ಒಂದು ಕೊಡ ನೀರೂ ಇರಲಿ. ಸವರಿದ ತುಂಡುಗಳನ್ನು ತೋಡಿಗೋ ಕೆರೆಗೋ ಎಸೆಯಬಾರದು, ಹಾಲು ಮೀನಿಗೆ ವಿಷ. ಮಣ್ಣಿನ ಮೇಲೆ ಬಿಟ್ಟರೆ ಅಲ್ಲೇ ಬೇರು ಬಿಡುತ್ತವೆ. ಬರಿಯ ಪಾದೆಯ ಮೇಲೆ ಹರಡಿ, ಬೇಸಗೆಯ ಬಿಸಿಲಿಗೆ ಪೂರ್ತಿ ಒಣಗಲು ಬಿಡಬೇಕು.